ಬ್ರಷ್ ಹಿಡಿದ ಸಂಜೆ

ನಮ್ಮದು ಕಿವಿ ತೂತು ಬೀಳುವಂಥ ರಾಕ್ ಬ್ಯಾಂಡ್. ಬಿಡುವಿನ ಸಂಜೆಗಳಲ್ಲಿ ಮಾತ್ರ ಸಣ್ಣ ಬಾರುಗಳಿಗೆ ಹೋಗಿ ಯಾರದೋ ಹಳೆಯ ಕಂಟ್ರಿ ಹಾಡುಗಳನ್ನು, ಅಂದರೆ ಅಮೆರಿಕದ ಹಳ್ಳಿಗಾಡಿನ ಮೆಲುಹಾಡುಗಳನ್ನು, ನುಡಿಸುತ್ತೇವೆ. ಅಂಥದೊಂದು ಸಂಜೆ, ಗಿರಾಕಿಗಳ ಹರಟೆ ಕೆಡಬಾರದೆಂದು ಬಾರಿನ ಯಜಮಾನಿ ನನ್ನ ಡ್ರಮ್ ಕೋಲುಗಳನ್ನು ಕಿತ್ತುಕೊಂಡು ಗಲ್ಲಾದ ಹಿಂದಿಟ್ಟಳು. ನಾನು ಹಲ್ಲು ಕಡಿಯುತ್ತ, ಮೆಲ್ಲಗೆ ನುಡಿಸಲೆಂದೇ ಇರುವ ತಂತಿ ಬ್ರಷ್ಷಿನಿಂದ ಡ್ರಮ್ ಸವರತೊಡಗಿದೆ. ಬಾರಿಸುವುದಲ್ಲ ಇದು, ಧೂಳು ಒರೆಸುವುದು.

ಎರಡನೆಯ ಹಾಡಿನಲ್ಲಿ ಪಕ್ಕದಿಂದ ಇಂಪಾದ ದನಿಯೊಂದು ಕೇಳಿಸಿತು. ಬೇಸ್ ಗಿಟಾರ್ ನುಡಿಸುವ ನಮ್ಮ ಭಾವ ಮೈಕಿಲ್ಲದೆ, ಕಣ್ಣು ಮುಚ್ಚಿಕೊಂಡು ಹಾಡುತ್ತಿದ್ದರು.

"ಯಾವಾಗಿಂದ ಭಾವ, ಈ ಹಾಡುಗಾರಿಕೆ?" ಹಾಡು ಮುಗಿದ ಮೇಲೆ ಕೇಳಿದೆ.

"ಬ್ಯಾಂಡ್ ಶುರುವಾದಾಗಿಂದ್ಲೂ ಹಾಡ್ತಾನೇ ಇದ್ದೀನಿ ಕಣೋ. ನಿನ್ನ ಗದ್ದಲದಲ್ಲಿ ಯಾರಿಗೆ ಕೇಳ್ಬೇಕು?"

ಕೊನೆಯ ಹಾಡಿಗೆ ಯಜಮಾನಿ ಮನಸ್ಸು ಕರಗಿ ಕೋಲುಗಳನ್ನು ತಂದುಕೊಟ್ಟಳು.

"ಗಲ್ಲಾದ ಹಿಂದೇನೇ ಇರ್ಲಿ ಬಿಡಿ," ಎಂದೆ.