ಧಣಿಯ ಅಕ್ಷರ

ನಮ್ಮ ಧಣಿಗೆ ಕಾರ್ಖಾನೆಯವರೆಲ್ಲ ಸೇರಿ ಇಟ್ಟ ಹೆಸರು ಸ್ಪ್ರಿಂಗು. ಹಾಸಿಗೆ ಕಂಪನಿಯ ಮಾಲೀಕ ಎಂದು ಆ ಹೆಸರು ಬಂದದ್ದಲ್ಲ. ತನಗಿಂತ ದೊಡ್ಡವರ ಎದುರು ಎಷ್ಟು ಬೇಕಾದರೂ ಕುಗ್ಗಿ, ಅವರು ಎದ್ದು ಹೋದ ಕೂಡಲೇ ನಮ್ಮ ಮುಖಕ್ಕೆ ಚಿಮ್ಮುತ್ತಿದ್ದ, ಅದಕ್ಕೆ. ಎದುರಿಗಿದ್ದಾಗ ನಾನೂ ಅವನನ್ನು ಬಹುವಚನದಲ್ಲೇ ಮಾತಾಡಿಸುತ್ತಿದ್ದೆ. ಇಲ್ಲಿ ಬರೆಯುತ್ತಿರುವುದು ನನ್ನ ಕಥೆ, ನನ್ನ ಶಾಯಿ; ಹಾಗಾಗಿ ಅವನು ಎಂದೇ ಬರೆಯುತ್ತೇನೆ. ನಾನು ಅವನ ಕಚೇರಿಯಲ್ಲಿ ಗುಮಾಸ್ತೆಯಾಗಿದ್ದೆ. ಹನ್ನೊಂದು ವರ್ಷ ಅವನ ಪರವಾಗಿ ಅವನ ತಾಯಿಗೆ ಕಾಗದ ಬರೆದವಳು ನಾನು.

ಅದು ಶುರುವಾದದ್ದು ಅವನ ಕೈ ಮುರಿದಾಗ. ಬಚ್ಚಲಲ್ಲಿ ಜಾರಿ ಬಿದ್ದು, ಬಲಗೈಗೆ ಪ್ಲಾಸ್ಟರ್ ಹಾಕಿಸಿಕೊಂಡು ಬಂದವನು, "ನಮ್ಮಮ್ಮಂಗೆ ಎರಡು ಸಾಲು ಬರೆದು ಹಾಕಿ. ನನ್ನ ಅಕ್ಷರದ ಥರಾನೇ ಇರಲಿ. ಕೈ ಮುರೀತು ಅಂತ ಗೊತ್ತಾದ್ರೆ ಗಾಬರಿ ಬೀಳ್ತಾಳೆ" ಎಂದ. ತಾಯಿ ಇದ್ದದ್ದು ಬೇರೆ ಊರಿನಲ್ಲಿ. ಆಕೆಗೆ ಕಿವಿ ಮಂದ. ಫೋನಿನಲ್ಲಿ ಎಷ್ಟು ಕೂಗಿದರೂ ಕೇಳಿಸದು, ಆದ್ದರಿಂದ ಕಾಗದವೇ ಗತಿ. ಅವನ ಟಿಪ್ಪಣಿಗಳನ್ನು ಎದುರಿಗಿಟ್ಟುಕೊಂಡು, ಎಡಕ್ಕೆ ವಾಲಿದ ಆ ಅಕ್ಷರವನ್ನು ಮೂರು ದಿನ ತಿದ್ದಿದೆ. ಆರು ವಾರಕ್ಕೆ ಪ್ಲಾಸ್ಟರ್ ಬಿಚ್ಚಿದರು. ಕೆಲಸ ಮಾತ್ರ ನನ್ನ ಕೊರಳಿಗೇ ಬಿತ್ತು. "ನಿಮಗೆ ಹೇಗಿದ್ರೂ ಅಭ್ಯಾಸ ಆಗಿದೆಯಲ್ಲ" ಎಂದ ಸ್ಪ್ರಿಂಗು.

ಹದಿನೈದು ದಿನಕ್ಕೊಂದು ಕಾಗದ ಹೋಗುತ್ತಿತ್ತು, ಹದಿನೈದು ದಿನಕ್ಕೊಂದು ಬರುತ್ತಿತ್ತು. ಬಂದದ್ದನ್ನು ಅವನು ಒಡೆಯುತ್ತಲೂ ಇರಲಿಲ್ಲ, ನನ್ನ ಮೇಜಿನ ಮೇಲೆ ಎಸೆದು ಹೋಗುತ್ತಿದ್ದ. ತಾಯಿ ಹೆರಿಗೆ ವಾರ್ಡಿನಲ್ಲಿ ಮೂವತ್ತು ವರ್ಷ ನರ್ಸಾಗಿದ್ದವರು, ಬರವಣಿಗೆಯಲ್ಲೂ ಮುಲಾಜಿರಲಿಲ್ಲ. "ಮೇಲಿನ ಮನೆಯವನು ಹಾಡು ಕಲಿಯುತ್ತಿದ್ದಾನಂತೆ. ಕಿವಿ ಕೇಳದಿರುವುದು ನನಗೆ ಈಗ ಉಪಯೋಗಕ್ಕೆ ಬಂತು" ಎಂದು ಒಮ್ಮೆ ಬರೆದಿದ್ದರು. ಬೆನ್ನು ನೋವು ಎಂದು ಬರೆದಾಗ, ರವಾನೆಯ ಪಟ್ಟಿಯಲ್ಲಿ ಒಂದು ಗಟ್ಟಿ ಹಾಸಿಗೆ ಸೇರಿಸಿ ಅವನ ರುಜು ಹಾಕಿಸಿದೆ. ಯಾರಿಗೆ ಎಂದು ಅವನು ಓದಲಿಲ್ಲ. "ನೀನು ಕಳಿಸಿದ ಹಾಸಿಗೆಯಲ್ಲಿ ಮಲಗಿದರೆ ಏಳಲು ಮನಸ್ಸೇ ಬರುವುದಿಲ್ಲ ಮಗನೇ" ಎಂದು ಉತ್ತರ ಬಂತು. ಅದನ್ನು ಓದಿದ ದಿನ ನಾನು ಕಚೇರಿಯಿಂದ ನಡೆದೇ ಮನೆಗೆ ಹೋದೆ, ಅಷ್ಟು ಖುಷಿಯಾಗಿತ್ತು.

ನನಗೆ ತಾಯಿ ಇಲ್ಲ. ನಾಲ್ಕು ವರ್ಷಕ್ಕೇ ಕಳೆದುಕೊಂಡೆ. ಬೆಳೆದದ್ದು ಚಿಕ್ಕಮ್ಮನ ಮನೆಯಲ್ಲಿ, ಮನೆಗೆಲಸಕ್ಕೆ ಮೊದಲು ನೆನಪಾಗಿ ಊಟಕ್ಕೆ ಕೊನೆಗೆ ನೆನಪಾಗುತ್ತಿದ್ದವಳು. ಆದ್ದರಿಂದ ಅವನ ಹೆಸರಿನಲ್ಲಿ ಬರೆಯುತ್ತಿದ್ದೆನಾದರೂ ಒಳಗಿನ ಮಾತು ನನ್ನದೇ ಆಗಿರುತ್ತಿತ್ತು. ಇದನ್ನು ಹೇಳಿಕೊಳ್ಳಲು ನಾಚಿಕೆಯೇನೂ ಇಲ್ಲ. ಸ್ಪ್ರಿಂಗಿಗೆ ತಾಯಿ ಇದ್ದರು, ಬೇಕಿರಲಿಲ್ಲ. ನನಗೆ ಬೇಕಿತ್ತು.

ಹನ್ನೊಂದನೆಯ ವರ್ಷ, ಮಾರಾಟದವರ ಸಭೆಯಲ್ಲಿ ಅವನು ಹೊಸ ಕಾನೂನು ಹೊರಡಿಸಿದ. "ಇನ್ಮೇಲೆ ಕಂಪನೀಲಿ ಕಾಗದ ಗೀಗದ ಏನಿಲ್ಲ. ಎಲ್ಲ ಇಮೇಲು. ನಮ್ಮಮ್ಮಂಗೂ ಇಮೇಲೇ. ಮೊಬೈಲ್ ಕಳಿಸಿಕೊಟ್ಟಿದ್ದೀನಿ. ಒಂದು ಸಲ ಬರೆದಿಟ್ರೆ ತಿಂಗಳು ತಿಂಗಳು ತಾನಾಗೇ ಹೋಗ್ತಿರುತ್ತೆ." ನಾನು ಟಿಪ್ಪಣಿ ಬರೆದುಕೊಳ್ಳುತ್ತ ಪಕ್ಕದಲ್ಲೇ ನಿಂತಿದ್ದೆ. ಅಂಚೆಗೆ ಹಾಕಬೇಕಿದ್ದ ಕಾಗದ ನನ್ನ ಪುಸ್ತಕದಿಂದ ಇಣುಕುತ್ತಿತ್ತು. ಅದನ್ನು ಎಳೆದುಕೊಂಡು ಹದಿನಾಲ್ಕು ಜನರ ಮುಂದೆ ಓದಿದ: "ಅಮ್ಮಾ, ಜ್ವರ ಬಂದರೆ ನೀನು ಹಣೆಯ ಮೇಲೆ ಕೈ ಇಡುತ್ತಿದ್ದೆ. ಈಗಲೂ ಮೈ ಬಿಸಿಯಾದರೆ ಕಣ್ಣು ಮುಚ್ಚಿಕೊಂಡು ಆ ಕೈಯನ್ನೇ ಕಾಯುತ್ತೇನೆ." ಓದಿ, "ನೋಡ್ರಪ್ಪಾ, ನಾನು ಎಂಥಾ ಮಗ. ನನಗೇ ಗೊತ್ತಿರಲಿಲ್ಲ" ಎಂದ. ಎಲ್ಲರೂ ಬಿದ್ದು ಬಿದ್ದು ನಕ್ಕರು. "ಇವರು ಇರಬೇಕಾದ್ದು ನಾಟಕ ಕಂಪನೀಲಿ" ಎಂದು ಯಾರೋ ಸೇರಿಸಿದ. ಮತ್ತೆ ನಕ್ಕರು.

ಅಷ್ಟಕ್ಕೇ ಬಿಟ್ಟಿದ್ದರೆ ಹೊಟ್ಟೆಗೆ ಹಾಕಿಕೊಳ್ಳುತ್ತಿದ್ದೆನೋ ಏನೋ. ಕಪಾಟಿನಲ್ಲಿ ತಾಯಿಯ ಕಾಗದಗಳನ್ನು ವರ್ಷವಾರು ಕಟ್ಟಿ ಇಟ್ಟಿದ್ದೆ. "ಆ ಕಸ ಎಲ್ಲ ತೆಗೀರಿ" ಎಂದು, ಫೋಮು ಚೂರು ಮಾಡುವ ಯಂತ್ರದ ಬಳಿ ನನ್ನನ್ನು ಕರೆದುಕೊಂಡು ಹೋಗಿ, ನನ್ನ ಕೈಯಿಂದಲೇ ಒಂದೊಂದು ಕಟ್ಟನ್ನೂ ಹಾಕಿಸಿದ. ಪೂರ್ತಿ ಮುಗಿಯುವವರೆಗೆ ನಿಂತು ನೋಡಿದ. ನಂತರ, "ಸೋಮವಾರದಿಂದ ಗೋದಾಮಿಗೆ ಹೋಗಿ. ಹಾಸಿಗೆಗೆ ಅಂಟಿಸೋ ಚೀಟಿ ಬರೀರಿ" ಎಂದ. ನಾನು ಆಗಲಿ ಎಂದೆ. ಮೈಯೆಲ್ಲ ಹೊತ್ತಿ ಉರಿಯುತ್ತಿತ್ತು. ಇವನಿಗೆ ನೀರು ಕುಡಿಸದಿದ್ದರೆ ನಾನು ನಾನೇ ಅಲ್ಲ ಎಂದುಕೊಂಡೆ.

ಗೋದಾಮಿನಲ್ಲಿ ಹತ್ತಿಯ ಮೂಟೆಯ ಮೇಲೆ ಕುಳಿತು ಉದ್ದ, ಅಗಲ, ದಪ್ಪ ಬರೆಯುತ್ತ ಒಂದು ತಿಂಗಳು ಕಾದೆ. ಒಂದನೆಯ ತಾರೀಕು ಅವನ ಇಮೇಲು ತಾನಾಗೇ ಹೋಯಿತು. ವಾರದೊಳಗೆ ತಾಯಿಯ ಉತ್ತರ ಅಂಚೆಯಲ್ಲೇ ಬಂತು. ರವಾನೆ ಗುಮಾಸ್ತ ರೂಢಿಯಂತೆ ಅದನ್ನು ನನಗೇ ತಂದುಕೊಟ್ಟ. "ಮಗನೇ, ಮೊಬೈಲಿನಲ್ಲಿ ನಿನ್ನ ಕಾಗದ ಬಂತು. 'ನಾನು ಕ್ಷೇಮ, ಆರೋಗ್ಯ ನೋಡಿಕೊಳ್ಳಿ' ಎಂದು ಔಷಧದ ಅಂಗಡಿಯವರೂ ಕಳಿಸುತ್ತಾರೆ. ನಿನ್ನ ಕೈಗೆ ಏನಾದರೂ ಆಯಿತೇ?" ಎಂದು ಕೇಳಿದ್ದರು.

ನಾನು ಪೆನ್ನು ತೆಗೆದುಕೊಂಡೆ. ಅಷ್ಟು ನೀಟಾಗಿ ಅವನ ಅಕ್ಷರವನ್ನು ನಾನು ಎಂದೂ ಬರೆದಿರಲಿಲ್ಲ. "ಅಮ್ಮಾ, ಕೈಗೆ ಏನೂ ಆಗಿಲ್ಲ. ನೀನು ಇನ್ನು ಒಬ್ಬಳೇ ಇರುವುದು ಬೇಡ. ಮನೆ ಬಿಟ್ಟುಕೊಟ್ಟು ಬಾ. ಕೆಳಗಿನ ಕೋಣೆ ನಿನಗಾಗಿ ಖಾಲಿ ಮಾಡಿಸಿದ್ದೇನೆ. ಉತ್ತರ ಬರೆಯಬೇಡ, ನೇರ ಬಂದುಬಿಡು" ಎಂದು ಬರೆದು, ಬರಬೇಕಾದ ದಿನ ಸೂಚಿಸಿದೆ. ಅದು ಅವನು ಮಾರಾಟದವರನ್ನೆಲ್ಲ ಮನೆಗೆ ಊಟಕ್ಕೆ ಕರೆದಿದ್ದ ಶನಿವಾರ. ಅಂಚೆ ಪೆಟ್ಟಿಗೆಯ ಮುಂದೆ ನಿಂತಾಗ, ತಾಯಿಯ ಬಾಡಿಗೆ ಮನೆ ಕೈತಪ್ಪಿದರೆ ಆಕೆಯ ಗತಿಯೇನು ಎಂಬ ಯೋಚನೆ ಬರದೇ ಇರಲಿಲ್ಲ. ಬಂದ ಯೋಚನೆಯನ್ನು ಬಂದ ದಾರಿಯಲ್ಲೇ ಕಳಿಸಿದೆ. ಹದಿನಾಲ್ಕು ಜನರ ನಗು ನನ್ನ ಕಿವಿಯಲ್ಲೇ ಇತ್ತು.

ಶನಿವಾರ ನಡೆದದ್ದನ್ನು ರವಾನೆ ಗುಮಾಸ್ತ ಸೋಮವಾರ ಬಂದು ಸವಿಸ್ತಾರವಾಗಿ ಹೇಳಿದ. ಅತಿಥಿಗಳು ತಟ್ಟೆ ಹಿಡಿದು ನಿಂತಿರುವಾಗ ಬಾಗಿಲಿಗೆ ಲಾರಿ ಬಂತಂತೆ. ನಾಲ್ಕು ಪೆಟ್ಟಿಗೆ, ಒಂದು ಹೊಲಿಗೆ ಯಂತ್ರ, ಕಂಪನಿಯದೇ ಒಂದು ಹಾಸಿಗೆ ಇಳಿದುವು. ಹಿಂದೆಯೇ ತಾಯಿ ಇಳಿದು, "ನೀನು ಕರೆದ ದಿನವೇ ಬಂದೆ ನೋಡು" ಎಂದು ಎಲ್ಲರಿಗೂ ಕೇಳುವಂತೆ ಹೇಳಿ ಮಗನ ಕೆನ್ನೆ ಸವರಿದರಂತೆ. ಸ್ಪ್ರಿಂಗಿನ ಮುಖ ಇಂಗು ತಿಂದ ಮಂಗನ ಹಾಗಾಯಿತಂತೆ. ಅವನ ಹೆಂಡತಿ ಒಳಗೆ ಹೋದವಳು ಹೊರಗೆ ಬರಲೇ ಇಲ್ಲವಂತೆ. ಅತಿಥಿಗಳ ಎದುರು ತಾಯಿಯನ್ನು ಹೊರಗೆ ಹಾಕಲಾಗದೆ, ಹಲ್ಲು ಕಚ್ಚಿಕೊಂಡು ಪೆಟ್ಟಿಗೆಗಳನ್ನು ಕೆಳಗಿನ ಕೋಣೆಗೆ ಸಾಗಿಸಿದನಂತೆ. ನನಗೆ ಹೊಟ್ಟೆ ತಣ್ಣಗಾಯಿತು. ಇನ್ನೊಮ್ಮೆ ಹೇಳಿಸಿ ಕೇಳಿದೆ. ಮಧ್ಯಾಹ್ನ ಅವನು ಗೋದಾಮಿಗೆ ಬಂದು, "ನಾಳೆಯಿಂದ ಬರಬೇಡಿ" ಎಂದಷ್ಟೇ ಹೇಳಿದ. ಟಿಫಿನ್ ಡಬ್ಬಿ ತೆಗೆದುಕೊಂಡು ತಲೆ ಎತ್ತಿಯೇ ಹೊರಬಂದೆ.

ಎಂಟು ದಿನ ಕಳೆಯಿತು. ಸೈಕಲ್ ರಿಪೇರಿ ಅಂಗಡಿಯ ಮೇಲಿನ ನನ್ನ ಕೋಣೆಯಲ್ಲಿ ಕುಳಿತು, ಅಂಗಡಿಗಳಿಗೆ ರಟ್ಟಿನ ಮೇಲೆ ಬೆಲೆಪಟ್ಟಿ ಬರೆಯುವ ಕೆಲಸ ಹಿಡಿದಿದ್ದೆ. ಬೆಳಿಗ್ಗೆ ಹತ್ತರ ಹೊತ್ತಿಗೆ ಬಾಗಿಲು ತಟ್ಟಿದ ಸದ್ದಾಯಿತು. ಗಿಡ್ಡಗೆ, ದುಂಡಗೆ ಇದ್ದ ಒಬ್ಬ ಮುದುಕಿ ಏದುಸಿರು ಬಿಡುತ್ತ ನಿಂತಿದ್ದರು. ಎರಡು ಕೈಯಲ್ಲಿ ಎರಡು ಚೀಲ. "ಹಾಸಿಗೆ ಕಂಪನೀಲಿ ಬರೀತಿದ್ದವಳು ನೀನೇನಾ? ಗೇಟಿನವನು ವಿಳಾಸ ಕೊಟ್ಟ" ಎಂದು ಬೀದಿಗೆಲ್ಲ ಕೇಳುವ ದನಿಯಲ್ಲಿ ಕೇಳಿದರು. ಪಕ್ಕಕ್ಕೆ ಸರಿದು ಒಳಗೆ ದಾರಿ ಬಿಟ್ಟೆ.

ಮಂಚದ ಅಂಚಿಗೆ ಕುಳಿತು, ಒಂದು ಚೀಲದಿಂದ ಮುದ್ರಿಸಿದ ಹಾಳೆ ತೆಗೆದು ಕೊಟ್ಟರು. "ಮೊಬೈಲಿಗೆ ಬಂತು. ಅಂಗಡೀಲಿ ಪ್ರಿಂಟ್ ಹಾಕಿಸಿದೆ. ಮಹಡಿ ಮೇಲಿಂದ ಕೆಳಗಿನ ಕೋಣೆಗೆ ಇಮೇಲು. ಓದು."

"ಅಮ್ಮ, ಬಾ ಎಂದು ನಾನು ಬರೆದಿಲ್ಲ. ಹನ್ನೊಂದು ವರ್ಷದ ಯಾವ ಕಾಗದವೂ ನನ್ನದಲ್ಲ, ಎಲ್ಲ ಕಚೇರಿಯ ಹೆಂಗಸು ಬರೆದದ್ದು. ಈ ವಾರದೊಳಗೆ ಬೇರೆ ಕಡೆ ವ್ಯವಸ್ಥೆ ಮಾಡಿಕೊ."

"ಇದು ಸೊಸೆ ಕೆಲಸ" ಎಂದರು ತಾಯಿ. ಇನ್ನೊಂದು ಚೀಲದಿಂದ ಬ್ಯಾಂಡೇಜು ಬಟ್ಟೆಯಲ್ಲಿ ಕಟ್ಟಿದ ಕಾಗದಗಳ ಕಂತೆ ತೆಗೆದು ಮಂಚದ ಮೇಲಿಟ್ಟರು. "ನನ್ನ ಮಗನ ಅಕ್ಷರ ಇಲ್ಲಿದೆ. ಒಂದನೇ ಕ್ಲಾಸಿನಿಂದ ನೋಡಿದೀನಿ, ನನಗೆ ಗೊತ್ತಾಗಲ್ವಾ? ಟೈಪ್ ಹೊಡೆದದ್ದನ್ನ ಯಾರು ಬೇಕಾದ್ರೂ ಹೊಡೀಬಹುದು. ಅವನನ್ನ ಕೇಳಿದ್ರೆ ಮುಖ ಕೊಟ್ಟು ಮಾತಾಡ್ತಿಲ್ಲ, ಹೆಂಡತಿಗೆ ಹೆದರ್ತಾನೆ. ನೀನು ಹೇಳು. ಇದನ್ನ ಬರೆದದ್ದು ಅವನಲ್ಲ ತಾನೇ?"

ನಾನು ಒಮ್ಮೆ ತಲೆಯಾಡಿಸಿದ್ದರೆ ಸಾಕಿತ್ತು. ಆಕೆಗೆ ಮಗ ಉಳಿಯುತ್ತಿದ್ದ. ನಾನು ಮುಖವನ್ನೂ ನೋಡದ ಆ ಸೊಸೆಯ ಮೇಲೆ ಅಪವಾದ ಬರುತ್ತಿತ್ತು, ಅಷ್ಟೇ. ಆದರೆ ಹಾಗೆ ಮಾಡಿದರೆ ಸ್ಪ್ರಿಂಗು ನನ್ನ ಮಾತುಗಳನ್ನು ಹೊದ್ದುಕೊಂಡು ಸಾಯುವವರೆಗೂ ಒಳ್ಳೆಯ ಮಗನಾಗಿ ಮೆರೆಯುತ್ತಿದ್ದ. ಅದನ್ನು ನನ್ನಿಂದ ಸಹಿಸಲಾಗಲಿಲ್ಲ. ಕೂಗಿದರೆ ಆಕೆಗೆ ಕೇಳಿಸದು. ಕೈಗೆ ಸಿಕ್ಕ ರಟ್ಟಿನ ಮೇಲೆ ಬರೆದೆ: "ಇದೊಂದೇ ನಿಮ್ಮ ಮಗ ಬರೆದದ್ದು. ಉಳಿದದ್ದೆಲ್ಲ ನಾನು ಬರೆದದ್ದು." ಸತ್ಯ ಹೇಳಬೇಕೆಂಬ ಆಸೆಯಿಂದ ಬರೆದೆ ಎಂದರೆ ಸುಳ್ಳಾಗುತ್ತದೆ. ಸೇಡಿಗಾಗಿ ಬರೆದೆ.

ತಾಯಿ ರಟ್ಟನ್ನು ತೆಗೆದುಕೊಂಡು ಓದಿದರು. ಓದಿ ಮುಗಿದ ಮೇಲೂ ನೋಡುತ್ತಲೇ ಇದ್ದರು. ಆಗ ನಾನೂ ನೋಡಿದೆ. ಆತುರದಲ್ಲಿ ಬರೆದ ಸಾಲುಗಳು, ಎಲ್ಲವೂ ಎಡಕ್ಕೆ ವಾಲಿದ್ದುವು. ಆಕೆ ಕಂತೆಯಿಂದ ಒಂದು ಕಾಗದ ಎಳೆದು ರಟ್ಟಿನ ಪಕ್ಕ ಹಿಡಿದರು. ಬೆರಳಿಟ್ಟು ಒಂದೊಂದೇ ಅಕ್ಷರ ಹೋಲಿಸಿದರು.

"ನಾನು ಕಳಿಸಿದ್ದ ಸ್ವೆಟರು ನೋಡಿ ಕಣ್ಣೀರು ಬಂತು ಅಂತ ಬರೆದಿದ್ದ. ಅದೂ ನೀನಾ?"

ಹೌದೆಂದು ತಲೆಯಾಡಿಸಿದೆ.

"ಮನೆ ಬಿಟ್ಟು ಬಾ ಅಂದದ್ದು?"

ಅದಕ್ಕೂ ಹೌದೆಂದೆ.

"ಯಾಕೆ?"

"ಅವರ ಮೇಲೆ ಸಿಟ್ಟಿತ್ತು" ಎಂದು ಬರೆದು ತೋರಿಸಿದೆ.

"ಅವನ ಮೇಲೆ ಸಿಟ್ಟಿತ್ತು, ನನ್ನ ಮನೆ ಬಿಡಿಸಿದೆ" ಎಂದರು ತಾಯಿ. ಬಯ್ಯುವ ದನಿಯಲ್ಲ, ವಾರ್ಡಿನಲ್ಲಿ ಡಾಕ್ಟರಿಗೆ ರೋಗಿಯ ವಿಷಯ ಒಪ್ಪಿಸುವ ದನಿ. "ಇಪ್ಪತ್ತಾರು ವರ್ಷ ಇದ್ದ ಮನೆ. ನಾನು ಬಿಟ್ಟ ಮಾರನೇ ದಿನವೇ ಬೇರೆಯವರು ಬಂದ್ರಂತೆ."

ನನ್ನ ಸಿಟ್ಟೆಲ್ಲ ಎಲ್ಲಿ ಹೋಯಿತೋ ತಿಳಿಯದು. ಇನ್ನೊಂದು ರಟ್ಟು ಎಳೆದುಕೊಂಡು, ಈ ಸಲ ಅಕ್ಷರಗಳನ್ನು ಕಷ್ಟಪಟ್ಟು ನೇರ ನಿಲ್ಲಿಸಿ ಬರೆದೆ: "ಇಲ್ಲೇ ನನ್ನ ಜೊತೆ ಇರಿ."

ಆಕೆ ಓದಿದರು. "ಬಾ ಅಂತ ನೀನು ಒಂದು ಸಲ ಕರೆದದ್ದು ಸಾಕು ತಾಯಿ" ಎಂದು ರಟ್ಟನ್ನು ನನ್ನ ಕೈಗೇ ಕೊಟ್ಟರು.

ಮುದ್ರಿಸಿದ ಹಾಳೆಯನ್ನು ನಾಲ್ಕಾಗಿ ಮಡಿಸಿ ಪರ್ಸಿನೊಳಗೆ ಇಟ್ಟುಕೊಂಡರು. ಎದ್ದು ಬಾಗಿಲಿನವರೆಗೆ ಹೋದರು. ಕಂತೆ ಮಂಚದ ಮೇಲೆಯೇ ಇತ್ತು. ನಾನು ಅದನ್ನೆತ್ತಿಕೊಂಡು ಹಿಂದೆಯೇ ಓಡಿ ಅವರ ಮುಂದೆ ಹಿಡಿದೆ.

"ಅದು ನಿನ್ನದು, ನೀನೇ ಇಟ್ಟುಕೋ" ಎಂದರು. ಪರ್ಸನ್ನು ಮುಟ್ಟಿ ತೋರಿಸಿ, "ನನ್ನ ಮಗ ನನಗೆ ಬರೆದದ್ದು ಇಷ್ಟೇ" ಎಂದರು.

ಪಕ್ಕದ ಕಂಬಿ ಹಿಡಿದು ಒಂದೊಂದೇ ಮೆಟ್ಟಿಲು ಇಳಿದರು. ನಾನು ಕಂತೆಯನ್ನು ಎದೆಗೆ ಅವಚಿಕೊಂಡು ಮೇಲೆಯೇ ನಿಂತಿದ್ದೆ. ಇಲ್ಲೆಲ್ಲಾದರೂ ಒಬ್ಬರಿಗೆ ಸಾಕಾಗುವಂಥ ಬಾಡಿಗೆ ಕೋಣೆ ಇದೆಯಾ ಎಂದು ಅವರು ಸೈಕಲ್ ಅಂಗಡಿಯವನನ್ನು ದೊಡ್ಡ ದನಿಯಲ್ಲಿ ಕೇಳುವುದು ಅಲ್ಲಿಗೇ ಕೇಳಿಸಿತು.