ಕೆಟ್ಟಿದ್ದಕ್ಕೆ ಹಿಗ್ಗಿದ ಸೊಸೆ

ನಮ್ಮ ಸೊಸೆಗೆ ಯೋಚನೆ ಬಂದರೆ ಕಾಲು ನಿಂತುಬಿಡುತ್ತದೆ. ಒಂದು ಪಾದ ಹೊಸ್ತಿಲಿನ ಆಚೆ, ಇನ್ನೊಂದು ಈಚೆ, ಕಂಕುಳಲ್ಲಿ ಒಗೆದ ಬಟ್ಟೆಯ ಬುಟ್ಟಿ. ಮನೆಮಂದಿಯೆಲ್ಲ ಕಂಬವನ್ನು ಬಳಸಿ ಹೋಗುವಂತೆ ಅವಳನ್ನು ಬಳಸಿ ಓಡಾಡಬೇಕು. ಮೈಮೇಲೆ ಸದಾ ಅವಳಪ್ಪನ ಕಂದು ಕೋಟು, ಮೊಣಕೈ ಸವೆದು ನೂಲು ಕಾಣುವಂಥದ್ದು. ಏನು ಕೇಳಿದರೂ ಮೊದಲ ಉತ್ತರ, "ಇರಲಿ, ನೋಡೋಣ." ಮದುವೆಗೆ ಒಪ್ಪಿಗೆಯಾ ಎಂದಾಗಲೂ ಅದನ್ನೇ ಹೇಳಿದಳೆಂದು ಮಗ ಇವತ್ತಿಗೂ ಆಡಿಕೊಳ್ಳುತ್ತಾನೆ.

ಅವಳು ಬರೆಯುವುದು ಕಂಪ್ಯೂಟರಿನ ಕರ್ನಲ್; ಯಂತ್ರದೊಳಗೆ ಕೂತು ಮಿಕ್ಕ ಕೆಲಸಗಳಿಗೆಲ್ಲ ಜಾಗ, ಸರದಿ ಹಂಚಿಕೊಡುವ ಯಜಮಾನನಂತೆ ಅದು. ದೂರದ ದೊಡ್ಡ ಯಂತ್ರದಲ್ಲಿರುವ ಫೈಲನ್ನು ಸಾರಿಸಾರಿಗೂ ತರಿಸುವ ಬದಲು ಒಂದು ಪ್ರತಿಯನ್ನು ಕೈಗೆಟುಕುವಂತೆ ಇಟ್ಟುಕೊಳ್ಳುವ ವ್ಯವಸ್ಥೆಗೆ ಕ್ಯಾಶ್ ಎನ್ನುತ್ತಾರೆ. ಅವಳು ವರ್ಷಗಟ್ಟಲೆ ಕೂತು ಬರೆದ ಆ ಕ್ಯಾಶಿನಲ್ಲೇ ದೋಷ ಹೊಕ್ಕಿತು. ಎಲ್ಲೋ ಒಂದು ಅಚ್ಚುಕೂಟದಲ್ಲಿ ತಿದ್ದಿದ ಪುಟ ಸಿದ್ಧವಿದ್ದರೂ, ಯಂತ್ರ ಹಳೆಯ ಪ್ರತಿಯನ್ನೇ ಸರಿಯೆಂದು ನಂಬಿ ಮಕ್ಕಳ ಪುಸ್ತಕವನ್ನು ತಪ್ಪುತಪ್ಪಾಗಿ ಅಚ್ಚುಹಾಕಿತು. ಕರ್ನಲ್ಲಿನ ಆ ಭಾಗವನ್ನು ನೋಡಿಕೊಳ್ಳುವ ಹಿರಿಯರೊಬ್ಬರು ದೂರದೇಶದವರು, ಮಾತು ಬಹಳ ಬಿಗಿ; ವಾರದೊಳಗೆ ದೋಷ ಸಿಗದಿದ್ದರೆ ಅವಳು ಬರೆದದ್ದನ್ನೇ ಕಿತ್ತುಹಾಕುವುದಾಗಿ ತಿಳಿಸಿದರು.

ಯಾವಾಗಲೋ ತಲೆಹಾಕಿ ಮಾಯವಾಗುವ ತಪ್ಪು ಅದು. ಕಿತ್ತರೆ ಕೀಳಲಿ, ಯಂತ್ರ ಸ್ವಲ್ಪ ನಿಧಾನವಾದೀತು ಅಷ್ಟೆ ಎಂದು ಮಗ ಸಮಾಧಾನ ಹೇಳಹೋದ. ಅವಳು ತಟ್ಟೆಯಿಂದ ತಲೆಯೆತ್ತಿ, "ಒಂದು ಸಲ ಹಳಸಿದ್ದು ತಿಂದ್ವಿ ಅಂತ ಅಡುಗೆಮನೆಗೇ ಬೀಗ ಹಾಕ್ತೀರಾ?" ಅಂದಳು.

ಜೊತೆಗೆ ಕರ್ನಲ್ ಬರೆಯುವ ಮಿಕ್ಕವರು ಯಂತ್ರವನ್ನು ಓಡಿಸಿ ಓಡಿಸಿ ತಪ್ಪನ್ನು ಬೆನ್ನಟ್ಟುತ್ತಿದ್ದರೆ, ಇವಳು, ಫೈಲು ಬದಲಾಗಿದೆಯೇ ಎಂಬ ಪ್ರಶ್ನೆಗೆ ದೊಡ್ಡ ಯಂತ್ರದ ಉತ್ತರ ಬರುವ ದಾರಿಯಲ್ಲಿ ಬೇಕೆಂದೇ ತಡೆಯೊಡ್ಡಿ ಅದನ್ನು ಆಮೆಯಂತೆ ನಡೆಸಿದಳು. ವಾರ ಮುಗಿಯುವ ಮುನ್ನಾದಿನ ಬೆಳಿಗ್ಗೆ ಒಳಕೋಣೆಯಿಂದ, "ಅತ್ತೆ, ಬನ್ನಿ, ಕೆಟ್ಟೋಯ್ತು" ಅನ್ನುವ ದನಿ ಬಂತು. ಮಗ ಹಲ್ಲುಜ್ಜುವ ನೊರೆಯಲ್ಲೇ ಓಡಿಬಂದ. ನೋಡಿದರೆ ಅವಳ ಮುಖ ಊರಗಲ. ಓಡಿಸಿದಷ್ಟು ಸಲವೂ ಕೆಡುತ್ತಿತ್ತು.

"ಕೆಟ್ಟಿದ್ದಕ್ಕೆ ಇಷ್ಟೊಂದು ಹಿಗ್ಗೇನೇ?" ಅಂದೆ.

"ದಿನಾ ಕೆಟ್ರೆ ಹಿಡೀಬಹುದು ಅತ್ತೆ. ಯಾವಾಗಲೋ ಒಮ್ಮೆ ಕೆಡೋದೇ ಕಷ್ಟ."

ಆದದ್ದಿಷ್ಟು. ಫೈಲು ಬದಲಾಗಿದೆಯೇ ಎಂದು ಕರ್ನಲ್ ದೊಡ್ಡ ಯಂತ್ರವನ್ನು ಕೇಳಿತ್ತು. ಇಲ್ಲವೆಂಬ ಉತ್ತರ ದಾರಿಯಲ್ಲಿರುವಾಗಲೇ ಫೈಲು ಬದಲಾಗಿ, ಆ ಸುದ್ದಿ ಮೊದಲು ಬಂದು ಮುಟ್ಟಿತು. ಹಿಂದಿನಿಂದ ತೆವಳಿಕೊಂಡು ಬಂದ ಹಳೆಯ ಉತ್ತರವನ್ನೇ ಹೊಸದೆಂದು ನಂಬಿ, ಕರ್ನಲ್ ಹಳಸಿದ ಪ್ರತಿಗೆ ಮತ್ತೆ ಸರಿಯೆಂಬ ಮುದ್ರೆ ಒತ್ತುತ್ತಿತ್ತು. ಉತ್ತರ ಬಂದ ಹೊತ್ತನ್ನು ಬಿಟ್ಟು ಪ್ರಶ್ನೆ ಕೇಳಿದ ಹೊತ್ತನ್ನು ಗಣನೆಗೆ ತೆಗೆದುಕೊಂಡಳು; ಕೇಳಿದ ಮೇಲೆ ಬದಲಾವಣೆಯ ಸುದ್ದಿ ಬಂದಿದ್ದರೆ ಆ ಉತ್ತರವನ್ನು ನಂಬದಂತೆ ಮಾಡಿದಳು, ಸರಿಹೋಯಿತು. ಆ ಮುದ್ರೆಯ ಸಾಲು ಬರೆದವಳು ತಾನೇ ಎಂದು ಬಿಗುಮಾನವಿಲ್ಲದೆ ನಮಗೂ ಹೇಳಿದಳು, ಹಿರಿಯರಿಗೂ ಬರೆದಳು. ಸಂಜೆಗೆ ಅವರಿಂದ ಬಂದದ್ದು ಚುಟುಕು ಮಾತು: ಪರೀಕ್ಷಿಸಿ ಸೇರಿಸಿಕೊಂಡಿದ್ದೇನೆ, ನೀವು ಒಡ್ಡಿದ ತಡೆಯನ್ನೂ ಕಳಿಸಿ, ಮಿಕ್ಕವರು ಬರೆದದ್ದಕ್ಕೂ ಹಾಕಿ ನೋಡಬೇಕು.

ತಪ್ಪನ್ನು ಬಚ್ಚಿಡುವವರನ್ನು, ಇನ್ನೊಬ್ಬರ ತಲೆಗೆ ಕಟ್ಟುವವರನ್ನು ಈ ಬಾಳಿನಲ್ಲಿ ಬೇಕಾದಷ್ಟು ಕಂಡಿದ್ದೇನೆ. ತನ್ನ ತಪ್ಪನ್ನು ತಾನೇ ಕರೆದು, ಎದುರಿಗೆ ಕೂರಿಸಿಕೊಂಡು, ಎಲ್ಲಿಂದ ಬಂದೆಯಪ್ಪಾ ಎಂದು ಸಾವಧಾನವಾಗಿ ವಿಚಾರಿಸುವ ಜನ ವಿರಳ, ಆದರೂ ಇದ್ದಾರೆ. ಅಂಥವರ ಕೈಗೆ ಸಿಕ್ಕಿದ ಮೇಲೆ ಯಾವುದೂ ಕೆಟ್ಟೇ ಉಳಿಯುವುದಿಲ್ಲ.