ಕಲ್ಲಿನ ನೆಲದ ಹಾಲುಗಂಬ

ಕೊತ್ತತ್ತಿಯಲ್ಲಿ ಇಂದ್ರಮ್ಮನ ಮಗಳು ಕವಿತಳ ಮದುವೆಗೆ ಮದ್ದೂರಿನ ಮಹದೇವು ಚಪ್ಪರ ಹಾಕಿದ ದಿನ ಸೂರ್ಯನೇ ದಾರಿ ಬದಲಿಸಿದ. ತೆಂಗಿನ ಗರಿ ಅಷ್ಟು ಒತ್ತಾಗಿತ್ತು. ಇಣುಕಿ ಇಣುಕಿ ಸೋತ ಸೂರ್ಯ, ಮರ್ಯಾದೆ ಉಳಿಸಿಕೊಳ್ಳಲು ಮಳವಳ್ಳಿ ಮೇಲೆ ಸುತ್ತು ಹಾಕಿಕೊಂಡು ಹೋಗಿ ಮುಳುಗಿದ. ಉಂಡು ಎದ್ದವರು ಕತ್ತಲಾಯಿತೆಂದು ತಿಳಿದು ರಾತ್ರಿಯೂಟಕ್ಕೆ ಮತ್ತೆ ಎಲೆ ಮುಂದೆ ಕೂತರು. ಮಹದೇವು ಈ ಕತೆ ಹೇಳಿದಾಗಲೆಲ್ಲ ಸೂರ್ಯ ಒಂದು ಊರು ಹೆಚ್ಚಿಗೆ ಸುತ್ತುತ್ತಿದ್ದ.

ಶಾಮಿಯಾನ ಬಂದಾಗ ಮಹದೇವು, ‘ನಾನೇ ಕರೆಸಿದ್ದು’ ಎಂದ. ಕಲ್ಯಾಣಮಂಟಪಗಳು ಎದ್ದಾಗ, ತನ್ನ ಹೆಗಲಿಗೆ ಬಿಡುವಿರಲೆಂದು ಸಾಹುಕಾರರು ಪೈಪೋಟಿಯ ಮೇಲೆ ಕಟ್ಟಿಸುತ್ತಿದ್ದಾರೆ ಎಂದ. ಮಗಳು ನಯನ ಡೆಕೊರೇಷನ್ ಕೆಲಸ ಹಿಡಿದು ಪ್ಲಾಸ್ಟಿಕ್ ಮಲ್ಲಿಗೆಯ ಗೋಡೆ ನಿಲ್ಲಿಸಿದಾಗ, ಜೇನುಹುಳಗಳು ಮೋಸಹೋಗಿ ಅದರಲ್ಲಿ ಗೂಡು ಕಟ್ಟಿದುವೆಂದು ಬಸ್‌ಸ್ಟ್ಯಾಂಡಿನಲ್ಲೆಲ್ಲ ಸಾರಿದ. ಕಾಲ ಬದಲಾದರೆ ಮಹದೇವುವಿನ ಹಾಗೆ ನಗುತ್ತ ಬದಲಾಗಬೇಕು ಎಂದು ಜನ ಆಡಿಕೊಳ್ಳುತ್ತಿದ್ದರು.

ಈಗ ಕವಿತಳ ಮಗಳು ದೀಪಿಕಳ ಮದುವೆ. ಗಂಡಿನ ಕಡೆಯವರು ಮಳವಳ್ಳಿಯಲ್ಲೇ ಮಂಟಪ ಹಿಡಿದಿದ್ದರು. ನಯನಳ ಕೈಗೆ ಬಂದ ಮೊದಲ ದೊಡ್ಡ ಕೆಲಸ ಅದು. ಮಂಟಪದ ನೆಲ ಕನ್ನಡಿಯಂಥ ಕಲ್ಲು. ಮದುವೆಯ ಹಿಂದಿನ ದಿನ ಅತ್ತಿ ಕೊಂಬೆಯ ಹಾಲುಗಂಬ ನೆಟ್ಟು ಹಾಲೆರೆಯಬೇಕು. ನೆಡಲು ಒಂದು ಗೇಣು ಮಣ್ಣೂ ಇರಲಿಲ್ಲ.

“ಅಜ್ಜಿ, ಸ್ಟ್ಯಾಂಡ್ ಇಟ್ಟು ನಿಲ್ಲಿಸ್ತೀವಿ. ಈಗ ಎಲ್ಲಾ ಕಡೆ ಅಂಗೇ ಮಾಡದು” ಎಂದಳು ನಯನ.

“ಸ್ಟ್ಯಾಂಡ್ ಆಕಿ ನಿಲ್ಸಕ್ಕೆ ಅದೇನು ಸೈಕಲ್ಲೇನವ್ವ?” ಇಂದ್ರಮ್ಮ ಊರುಗೋಲಿನಿಂದ ನೆಲ ಕುಟ್ಟಿದಳು. “ಕಂಬ ಮಣ್ಣಿಗೆ ಇಳೀನಿಲ್ಲ ಅಂದ್ರೆ ನನ್ ಮೊಮ್ಮಗಳು ಹಸೆ ಮೇಲೆ ಕೂರಕ್ಕಿಲ್ಲ.”

ನಯನ ಅಪ್ಪನ ಕಡೆ ನೋಡಿದಳು. ಈ ಕೆಲಸ ಇಲ್ಲಿ ಮುರಿದುಬಿದ್ದರೆ ಕೊತ್ತತ್ತಿ ಸುತ್ತಿನ ಒಂದು ಮನೆಯವರೂ ಅವಳನ್ನು ಇನ್ನು ಕರೆಯುವುದಿಲ್ಲ. ಮಹದೇವು ಎದೆ ಉಬ್ಬಿಸಿದ.

“ಅಷ್ಟೇ ತಾನೆ ಅವ್ವ? ಸಂಜೆಗ್ ಬನ್ನಿ. ಈ ಕಲ್ಲು ನನ್ ಮಾತು ಮೀರೀತಾ?” ಎಂದವನೇ ಲಗೇಜ್ ಆಟೋ ಹತ್ತಿ ಹೋದ.

ಸಂಜೆ ಹೊತ್ತಿಗೆ ವೇದಿಕೆ ಪಕ್ಕದಲ್ಲಿ ಹಾಲುಗಂಬ ನೆಟ್ಟಗೆ ನಿಂತಿತ್ತು. ಬುಡದ ಸುತ್ತ ಮಾವಿನ ಸೊಪ್ಪು, ಅದರ ಮೇಲೆ ಹಸಿರು ಸೀರೆಯ ನೆರಿಗೆ.

“ಹಾರೆ ಎತ್ತಿದ್ದೇ ತಡ, ಕಲ್ಲು ಬಾಯ್ ಬುಡ್ತು ಕಣವ್ವ!” ಎಂದ ಮಹದೇವು. “ಕಂಬ ಇಳೀತು, ಇಳೀತು, ಸಿಂಸಾ ಹೊಳೆ ನೀರು ತಾಕೋಗಂಟ ಇಳೀತು. ಕಿವಿ ಇಟ್ರೆ ಸದ್ದು ಕೇಳಿಸ್ತದೆ.”

ಇಂದ್ರಮ್ಮ ಕಿವಿ ಇಡಲಿಲ್ಲ. ಊರುಗೋಲಿನ ತುದಿಯಿಂದ ಸೀರೆಯನ್ನು ಮೆಲ್ಲಗೆ ಸರಿಸಿದಳು. ನೀಲಿ ಪ್ಲಾಸ್ಟಿಕ್ ಡ್ರಮ್ಮು ಕಾಣಿಸಿತು.

“ಲಾ ಮಹದೇವು, ಸಿಂಸಾ ಹೊಳೆ ಡ್ರಮ್ಮೊಳಗೆ ಅರೀತದೇನ್ಲಾ?”

ಯಾರೋ ಕಿಸಕ್ಕೆಂದರು. ವಾಲಗದವರು ನಿಲ್ಲಿಸಿದರು. ಡ್ರಮ್ಮು ಕಲ್ಲಿನ ಕೆಳಗೇ ಸಿಕ್ಕಿತೆಂಬ ಸುಳ್ಳು ಮಹದೇವುವಿನ ನಾಲಿಗೆಯ ತುದಿಗೆ ಬಂದಿತ್ತು. ನಯನಳ ಬಿಳಿಚಿದ ಮುಖ ಕಂಡು ನುಂಗಿಕೊಂಡ.

“ಡ್ರಮ್ಮೇ ಕಣವ್ವ. ಕಲ್ಲು ಜಗ್ಗಲಿಲ್ಲ. ಮಣ್ಣು ಮಾತ್ರ ನಿಮ್ದೇ. ಕವಿತವ್ವನ ಮದ್ವೇಲಿ ನಿಮ್ಮನೆ ಮುಂದೆ ಹಾಲುಗಂಬ ನೆಟ್ಟಿದ್ನಲ್ಲ, ಅದೇ ಜಾಗ ಅಗೆದು ತಂದಿವ್ನಿ.”

ಇಂದ್ರಮ್ಮ ಕಷ್ಟಪಟ್ಟು ಬಗ್ಗಿ ಡ್ರಮ್ಮಿನೊಳಗೆ ಕೈ ಇಟ್ಟಳು. ಕೊತ್ತತ್ತಿಯ ನಾಲೆ ಬಯಲಿನ ಕಪ್ಪು ಜೇಡಿ. ಹಿಡಿಯಲ್ಲಿ ಹಿಂಡಿದಳು, ಬೆರಳ ಸಂದಿನಲ್ಲಿ ಗದ್ದೆ ಹುಳದ ಶಂಖದ ಚೂರೊಂದು ಸಿಕ್ಕಿಕೊಂಡಿತು. ಅದನ್ನೇ ಬಹಳ ಹೊತ್ತು ನೋಡಿದಳು.

“ಕಂಬ ಮಣ್ಣಿಗೆ ಓಗ್ನಿಲ್ಲ. ಮಣ್ಣೇ ಕಂಬದ ತಾವ್ಕೆ ಬಂದದೆ” ಎಂದಳು. “ದೀಪಿಕಾ, ಹಾಲು ತತ್ತಾ.”

ಹಾಲು ಅತ್ತಿ ಕೊಂಬೆಯ ಮೇಲಿಂದ ಇಳಿದು ಮಣ್ಣಿನಲ್ಲಿ ಇಂಗಿತು. ವಾಲಗ ಮತ್ತೆ ಶುರುವಾಯಿತು. ನಯನ ಸೆರಗಿನಿಂದ ಕಣ್ಣೊತ್ತಿಕೊಂಡು ಏಣಿ ಹತ್ತಿ, ನಿಂತಿದ್ದ ಕೆಲಸಕ್ಕೆ ಕೈ ಹಾಕಿದಳು.

ಜನ ಚದುರಿದ ಮೇಲೆ ಇಂದ್ರಮ್ಮ ಮಹದೇವುವನ್ನು ಪಕ್ಕಕ್ಕೆ ಕರೆದಳು.

“ನಿಜ ಏಳ್ಲಾ. ಈ ಕಲ್ಲು, ಈ ಪ್ಲಾಸ್ಟಿಕ್ ಹೂವ ಎಲ್ಲಾ ನಿಂಗೆ ಸಂತೋಸವಾ? ಊರೆಲ್ಲಾ ನಗ್ತಾ ತಿರುಗ್ತಿದ್ದೀಯಂತೆ.”

ಮಹದೇವು ಏಣಿಯ ಮೇಲಿದ್ದ ಮಗಳನ್ನು ನೋಡಿದ.

“ಇಲ್ಲ ಕಣವ್ವ. ಮೊದಲ್ನೇ ದಿನ ಆ ಹೂವ ಮೂಸಿ ನೋಡ್ದೆ. ಏನೂ ಇರ್ನಿಲ್ಲ. ಆದ್ರೆ ನಾನು ಮೊಕ ಬಾಡಿಸ್ಕೊಂಡ್ರೆ ಅವ್ಳು ಕೈ ಚೆಲ್ತಾಳೆ. ಅದ್ಕೆ ನಗ್ತೀನಿ. ನಕ್ಕು ನಕ್ಕು ಒಂದೊಂದಿನ ನಿಜವಾದ ನಗುವೇ ಬಂದುಬುಡ್ತದೆ. ಇವತ್ತು ಬಂತು.”

ಇಂದ್ರಮ್ಮ ಕೈಗಂಟಿದ ಮಣ್ಣು ಒರೆಸಿಕೊಂಡು ಅವನ ಕಡೆ ತಿರುಗಿದಳು.

“ಮತ್ತೆ ಆ ಸೂರ್ಯನ ಸಮಾಚಾರ? ಕವಿತನ ಧಾರೆ ಫೋಟೋ ನಮ್ಮನೆ ಗೋಡೇಲದೆ ಕಣ್ಲಾ. ಒಂದು ಕಣ್ಣು ಮುಚ್ಕೊಂಡು ಕೂತವ್ಳೆ.”

ಮಹದೇವು ಕತ್ತು ಕೆರೆದುಕೊಂಡ.

“ಗರಿ ಸಾಲ್ನಿಲ್ಲ ಕಣವ್ವ. ಹಸೆ ನೇರಕ್ಕೇ ಒಂದು ತೂತು ಉಳ್ಕಂತು. ಸೂರ್ಯ ಎಲ್ಲೂ ಸುತ್ತಾಕಿರ್ನಿಲ್ಲ, ಸೀದಾ ಅಲ್ಲಿಗೇ ಬಂದಿದ್ದ.”